ತಪ್ಪು ಬಿದ್ದ ಜೋಳ

ಹೂವಿನ ಹಿಪ್ಪರಗಿಯ ಶಾಲೆಗೆ ವರ್ಗವಾಗಿ ಬಂದ ಹೊಸದರಲ್ಲಿ ನನಗೆ ನನ್ನ ಕೆಂಪು ಪೆನ್ನಿನ ಮೇಲೆ ವಿಪರೀತ ನಂಬಿಕೆ. ಜೀವಿಯೆಂದರೆ ಉಸಿರಾಡಬೇಕು, ಉಣ್ಣಬೇಕು, ಬೆಳೆಯಬೇಕು, ತನ್ನಂಥದ್ದನ್ನು ಹುಟ್ಟಿಸಬೇಕು ಎಂದು ಬೋರ್ಡಿನ ಮೇಲೆ ಬರೆದು, ಮನೆಯಲ್ಲಿರುವ ಒಂದು ಜೀವಿಯ ಹೆಸರು ಬರೆದುಕೊಂಡು ಬರಲು ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗಿ ‘ಗಡಿಗ್ಯಾಗಿನ ಬೀಜದ ಜೋಳ’ ಎಂದು ಬರೆದಿದ್ದಳು.

“ಗಡಿಗೆಯಲ್ಲಿ ಕೂತ ಜೋಳ ಏನಮ್ಮ ಉಣ್ಣುತ್ತದೆ?” ಎಂದು ಇಡೀ ಕ್ಲಾಸನ್ನು ನಗಿಸಿ, ತಪ್ಪು ಹಾಕಿದೆ.

ಮೂರನೇ ದಿನ ಅವಳ ಅಜ್ಜಿ ಒದ್ದೆ ಅರಿವೆಯ ಗಂಟು ಹಿಡಿದುಕೊಂಡು ನೇರ ಕ್ಲಾಸಿಗೇ ಬಂದರು.

“ನಮ್ಮ ಹುಡುಗಿ ಸಾಲಿಗಿ ಒಲ್ಲೆ ಅನ್ನಾಕತ್ತಾಳ್ರಿ ಸರ. ಅದಕ್ಕ ಇದನ್ನ ತಂದೇನಿ, ನೋಡ್ರಿ.”

ಗಂಟು ಬಿಚ್ಚಿದರೆ ಒಂದೊಂದು ಜೋಳದ ಕಾಳಿಗೂ ಪುಟ್ಟ ಬಾಲದಂಥ ಬಿಳಿ ಮೊಳಕೆ. ಬಿತ್ತುವ ಮೊದಲು ಬೀಜ ಚಲೋ ಇದೆಯೋ ಇಲ್ಲವೋ ಎಂದು ಈ ಕಡೆ ಹೀಗೆಯೇ ಪರೀಕ್ಷೆ ಮಾಡುತ್ತಾರಂತೆ.

“ಅದೇ ಗಡಿಗಿ ಜೋಳ್ರಿ. ಮಕ್ಕೊಂಡಿತ್ತು, ನೀರ ಹಾಕಿ ಎಬ್ಬಿಸೇನಿ. ಮಕ್ಕೊಂಡವರನ್ನ ಸತ್ತಾರಂತ ಬರಿತೀರೇನ್ರಿ?”

ಈ ಸಲ ಕ್ಲಾಸು ನಕ್ಕಿದ್ದು ನನ್ನನ್ನು ನೋಡಿ. ಎಲ್ಲರೆದುರೇ ಹುಡುಗಿಯ ನೋಟ್‌ಬುಕ್ಕಿನಲ್ಲಿದ್ದ ತಪ್ಪನ್ನು ಹೊಡೆದುಹಾಕಿ ಸರಿ ಗುರುತು ಮಾಡಿದೆ. ಆಮೇಲೆಯೇ ಹುಡುಗಿ ಬಾಗಿಲ ಮರೆಯಿಂದ ಒಳಗೆ ಬಂದಳು.

ಮಧ್ಯಾಹ್ನದ ಊಟವಾದ ಮೇಲೆ ಕೊನೆಯ ಬೆಂಚಿನಲ್ಲಿ ತೂಕಡಿಸುವವರನ್ನು ನಾನೀಗ ಬೈಯುವುದಿಲ್ಲ. ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸುತ್ತೇನೆ, ಅಷ್ಟೇ. ಇಲ್ಲಿಯವರೆಗೆ ಎಲ್ಲರೂ ಮೊಳೆತಿದ್ದಾರೆ.