ಗವಾಕ್ಷಿ ಮುಚ್ಚಿದ ರಟ್ಟು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಕೆಳಗೊಂದು ಅಂಗಡಿ, ಮೇಲೊಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಉಳಿದ ಬಟ್ಟೆಯ ಚೂರನ್ನೂ ಗಂಟು ಕಟ್ಟಿ ವಾಪಸು ಕೊಡುವವಳು. ಅವಳು ಒಂದು ಮಾತು ಹೇಳಿದರೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಆ ನಂಬಿಕೆಯೇ ಮುಂದೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಿತು.

ಮೇಲಿನ ಕೋಣೆಗೆ ಶಾಲೆಯ ಟೀಚರಮ್ಮ ಒಬ್ಬಳು ಬಾಡಿಗೆಗೆ ಬಂದಾಗ ಟೇಪಕ್ಕ ಅಲ್ಲಿನ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದಳು. ಗೀಸರ್ ಅಂಗಡಿಯಿಂದ ಬಂದ ಫಿಟ್ಟರ್ ಜಾಗ ನೋಡಿದವನೇ ತಲೆಯಾಡಿಸಿದ.

"ಒಳಗೆ ಬೇಡ ಟೇಪಕ್ಕ. ಹೊರಗಿನ ಗೋಡೆಗೆ ಹಾಕಿ, ನೀರಿನ ಪೈಪ್ ಮಾತ್ರ ಒಳಗೆ ಬಿಡೋಣ."

"ಹೊರಗೆ ಮಳೆಗೆ ತುಕ್ಕು ಹಿಡಿಯುತ್ತಪ್ಪ. ಒಳಗೇ ಹಾಕು."

"ಹಾಗಾದ್ರೆ ಆ ಗವಾಕ್ಷಿ ಯಾವತ್ತೂ ತೆಗೆದೇ ಇರ್ಬೇಕು. ಗ್ಯಾಸ್ ಉರಿಯೋಕೂ ಗಾಳಿ ಬೇಕು. ಮುಚ್ಚಿದ್ರೆ ಒಳಗೆ ವಿಷದ ಗಾಳಿ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತಾಗೋ ಹೊತ್ತಿಗೆ ಕೈಕಾಲು ಬಿದ್ದೋಗಿರುತ್ತೆ."

ಟೇಪಕ್ಕ ಹೂಂಗುಟ್ಟಿದಳು. ಮನಸ್ಸೆಲ್ಲ ಅರ್ಧ ಕತ್ತರಿಸಿಟ್ಟ ರವಿಕೆಯ ಮೇಲಿತ್ತು. ವರ್ಷ ತುಂಬಿದಾಗ ಅವನು ತಾನಾಗಿಯೇ ಬಂದು, ಗೀಸರ್ ಬಿಚ್ಚಿ ಮಸಿ ತೆಗೆಯಬೇಕು ಎಂದರೆ, "ಚೆನ್ನಾಗೇ ಉರೀತಿದೆ, ಇನ್ನೊಂದು ಸಲ ಬಾ" ಎಂದು ಹೊಸ್ತಿಲಿನಿಂದಲೇ ಸಾಗಹಾಕಿದಳು.

ಅದೇ ಗವಾಕ್ಷಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಸೋಪಿನ ಮೇಲೆ ಪುಕ್ಕ, ಬಕೆಟ್ಟಿನಲ್ಲಿ ಹಿಕ್ಕೆ. "ಏನಾದ್ರೂ ಮಾಡಿ ಅಮ್ಮಾ" ಎಂದು ಟೀಚರಮ್ಮ ಎರಡು ಸಲ ಹೇಳಿದ್ದಳು. ಒಂದು ಸಂಜೆ ಅವಳು ಶಾಲೆಯಿಂದ ಬರುವ ಮೊದಲೇ ಟೇಪಕ್ಕ ಸ್ಟೂಲು ಹತ್ತಿ ಅಳತೆ ತೆಗೆದು, ಬಟ್ಟೆಯ ಥಾನಿನೊಳಗಿನ ದಪ್ಪ ರಟ್ಟನ್ನು ಕತ್ತರಿಸಿ ಗವಾಕ್ಷಿಗೆ ತುರುಕಿದಳು. ಅಳತೆಯಲ್ಲಿ ಅವಳ ಕೈ ತಪ್ಪುವುದೇ ಇಲ್ಲ. ಕೂದಲು ತೂರುವಷ್ಟೂ ಸಂದು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತು ಮೀರಿದರೂ ಮೇಲೆ ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ಕೂಗಿದರೆ ಉತ್ತರವಿಲ್ಲ. ಎದುರುಮನೆಯ ಬಡಗಿ ಓಡಿಬಂದು ಚಿಲಕ ಒಡೆದ. ಟೀಚರಮ್ಮ ಮೂಲೆಯಲ್ಲಿ ಕುಸಿದಿದ್ದಳು. ಬಡಗಿ ಗೀಸರ್ ಆರಿಸಿ, ಅವಳಿಗೊಂದು ಸೀರೆ ಹೊದಿಸಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಟೇಪಕ್ಕ ಹಿಂದೆ ಹೋಗಲಿಲ್ಲ. ಸ್ಟೂಲು ಹತ್ತಿದಳು, ರಟ್ಟು ಕಿತ್ತಳು, ಕೆಳಗೆ ತಂದು ದೊಡ್ಡ ಕತ್ತರಿಯಿಂದ ಚೂರು ಚೂರು ಮಾಡಿ ಕಸದಲ್ಲಿ ಬೆರೆಸಿದಳು. ಆಮೇಲೆ ಆಸ್ಪತ್ರೆಗೆ ಹೊರಟಳು.

ಸಂಜೆಗೆ ಟೀಚರಮ್ಮ ಕಣ್ಣು ಬಿಟ್ಟಳು. ಮರುದಿನ ಗೀಸರ್ ಅಂಗಡಿಯ ಮಾಲೀಕ ಫಿಟ್ಟರನ್ನು ಕರೆದುಕೊಂಡು ಬಂದ.

"ಗವಾಕ್ಷಿ ತೆಗೆದಿತ್ತಾ, ಟೇಪಕ್ಕ?"

"ತೆಗೆದೇ ಇತ್ತು."

ಎರಡೇ ಪದ. ಮಾಲೀಕ ಇನ್ನೇನೂ ಕೇಳಲಿಲ್ಲ, ಫಿಟ್ಟರನ್ನು ಅಂದೇ ಕೆಲಸದಿಂದ ತೆಗೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಅಂದಿನಿಂದ ಯಾರು ಗೀಸರ್ ಮಾತೆತ್ತಿದರೂ ಅವಳು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯತೊಡಗುತ್ತಿದ್ದಳು. ಟೀಚರಮ್ಮನಿಗೆ ಗಂಜಿ ಒಯ್ದಳು, ಬಟ್ಟೆ ಒಗೆದಳು. "ನಮ್ಮಮ್ಮ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಎಂದು ಅವಳು ಅತ್ತಾಗ ಟೇಪಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎರಡು ತಿಂಗಳ ಮೇಲೆ ಗುಂಡಿ ಕೊಳ್ಳಲು ಹೋದವಳಿಗೆ ದಿನಗೂಲಿಯವರು ನಿಲ್ಲುವ ವೃತ್ತದಲ್ಲಿ ಫಿಟ್ಟರ್ ಕಂಡ. ಕೈಯಲ್ಲಿ ಸ್ಪ್ಯಾನರ್ ಚೀಲವಿರಲಿಲ್ಲ, ಗುದ್ದಲಿಯಿತ್ತು. ತಪ್ಪಿಸಿಕೊಳ್ಳುವಷ್ಟರಲ್ಲಿ ಅವನೇ ಹತ್ತಿರ ಬಂದ.

"ಟೀಚರಮ್ಮ ಹುಷಾರಾದ್ರಾ ಅಕ್ಕ? ಅವರ ಮುಖ ನೋಡೋಕೆ ಧೈರ್ಯ ಬರಲಿಲ್ಲ. ಆ ಗೀಸರನ್ನ ಮನಸ್ಸಲ್ಲೇ ನೂರು ಸಲ ಬಿಚ್ಚಿ ಜೋಡಿಸಿದೀನಿ, ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಬೇರೆ ಅಂಗಡಿಯೋರು ಕರೆದ್ರು. ನಾನೇ ಹೋಗಲಿಲ್ಲ. ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ."

ಅವನ ಕೆಲಸ ಕಿತ್ತುಕೊಂಡದ್ದು ಟೇಪಕ್ಕನಿಗೆ ಗೊತ್ತಿತ್ತು. ತನ್ನ ತಪ್ಪನ್ನು ಅವನ ತಲೆಯೊಳಕ್ಕೇ ಹೊಲಿದುಬಿಟ್ಟಿದ್ದೇನೆಂದು ಗೊತ್ತಿರಲಿಲ್ಲ. ಗುಂಡಿ ಕೊಳ್ಳದೆ ಮನೆಗೆ ಬಂದು ನೇರ ಮೆಟ್ಟಿಲು ಹತ್ತಿದಳು.

ಟೀಚರಮ್ಮ ಎಲ್ಲ ಕೇಳಿಸಿಕೊಂಡು ಹೇಳಿದಳು: "ಹಕ್ಕಿ ಕಾಟ ಅಂತ ಹೇಳಿದ್ದು ನಾನೇ. ಮುಚ್ಚಿದ್ದಕ್ಕೆ ನಿಮ್ಮನ್ನ ಬೈಯಲ್ಲ. ಆದ್ರೆ ನಾನು ಉಸಿರಿಲ್ದೆ ಬಿದ್ದಿದ್ದಾಗ ನಿಮ್ಮ ಕಣ್ಣಿಗೆ ಬಿದ್ದದ್ದು ಆ ರಟ್ಟು." ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿದಳು.

ಫಿಟ್ಟರನ ಮನೆಬಾಗಿಲಲ್ಲಿ ನಿಂತು ಹೇಳಿದಾಗ ಅವನು ಮೊದಲು ಗೋಡೆಗೆ ಒರಗಿ ಕುಳಿತ. "ಹಾಗಾದ್ರೆ ನನ್ನ ಜೋಡಣೆ ಸರಿಯಿತ್ತು" ಎಂದು ತನಗೆ ತಾನೇ ಹೇಳಿಕೊಂಡ. ಸಿಟ್ಟು ಆಮೇಲೆ ಬಂತು. "ಬಂದು ಅಂಗಡಿಯಲ್ಲಿ ಹೇಳಿ. ಗಿರಾಕಿಗಳ ಎದುರಿಗೇ ಹೇಳಿ."

ಹೇಳಿದಳು. ಮಾಲೀಕ ಅವನನ್ನು ಮತ್ತೆ ಕರೆದ. ಫಿಟ್ಟರ್ ಹೋದ, ಆದರೆ ಟೇಪಕ್ಕನ ಮನೆಯ ಕೆಲಸ ಮಾತ್ರ ತನಗೆ ಬೇಡವೆಂದ. ಗೀಸರನ್ನು ಹೊರಗಿನ ಗೋಡೆಗೆ ಬದಲಾಯಿಸಿದ್ದು ಬೇರೊಬ್ಬ. ಅವಳ ಕೆಲವು ಗಿರಾಕಿಗಳು ಬೇರೆ ದರ್ಜಿಯನ್ನು ಹುಡುಕಿಕೊಂಡರು.

ಈಗ ಕೋಣೆ ಕೇಳಿಕೊಂಡು ಬಂದವರಿಗೆ ಟೇಪಕ್ಕ ಬೀಗ ತೆಗೆಯುವ ಮೊದಲೇ ನಡೆದದ್ದನ್ನು ಹೇಳುತ್ತಾಳೆ. ಇಬ್ಬರು ಕೇಳಿಸಿಕೊಂಡು ಮೆಟ್ಟಿಲಿನಿಂದಲೇ ಹಿಂತಿರುಗಿದ್ದಾರೆ. ಕೋಣೆ ಇನ್ನೂ ಖಾಲಿಯಿದೆ.