ಮೊದಲು ಹೇಳು, ಆಮೇಲೆ ಹಿಡಿ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮಕ್ಕಳಿಗೆ ಇಂಗ್ಲಿಷ್ ಎದುರಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. ಅದರ ಹೆದರಿಕೆ ಮಾತ್ರ ಹಿಂದಿನ ಬೇಸಿಗೆಯಲ್ಲೇ ಶುರುವಾಗುತ್ತಿತ್ತು. ಶಿಕಾರಿಪುರದ ಹತ್ತಿರ, ಅಂಬ್ಲಿಗೊಳ ಜಲಾಶಯದ ಕಾಲುವೆ ಹಾಯುವ ನಮ್ಮೂರಿಗೆ ಆ ರಜೆಯಲ್ಲಿ ಸೊರಬದಿಂದ ನನ್ನ ಸೋದರಮಾವ ಬಂದಿದ್ದ. ಬಿ.ಎ. ಓದಿದವನು. ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮನ್ನೆಲ್ಲ ಎಳೆದು ತಂದು ಜಗಲಿಯಲ್ಲಿ ಕೂರಿಸಿದ.

"ಹೋಲ್ಡ್ ಅನ್ನೋದೊಂದು ಕಲೀರಿ, ಅರ್ಧ ಇಂಗ್ಲಿಷ್ ಬಂದ ಹಾಗೆ," ಎಂದ. "ಕೈಯಲ್ಲಿ ಹಿಡಿಯೋದೂ ಹೋಲ್ಡ್. ಕೊಡ ನೀರು ಹಿಡಿಯೋದೂ ಹೋಲ್ಡ್. ಉಸಿರು ಬಿಗಿ ಹಿಡಿಯೋದೂ ಅದೇ. ಸಭೆ ನಡೆಸೋದೂ ಅದೇಯ."

ನನ್ನ ಗೆಳತಿ ಗಿರಿಜೆ ಕೇಳಿದಳು, "ಸಭೇನ ಯಾತರಾಗೆ ಹಿಡೀತಾರ್ರೀ ಮಾವ?"

"ಬಾಯಲ್ಲಿ ಮಾರಾಯ್ತಿ!"

ಮಾವನದೊಂದು ನೇಮವಿತ್ತು. ಅವನು ಇಂಗ್ಲಿಷಿನಲ್ಲಿ ಏನು ಹೇಳಿದರೂ ನಾವು ಎದ್ದು, ಕೈಕಟ್ಟಿ, ಒಕ್ಕೊರಲಿನಿಂದ ಅದನ್ನೇ ಹೇಳಬೇಕು. ಮಾಡುವುದೇನಿದ್ದರೂ ಆಮೇಲೆ. ಹೇಳದೆ ಮಾಡಿದವರಿಗೆ ಸಂಜೆಯ ಒಗ್ಗರಣೆ ಮಂಡಕ್ಕಿ ಇಲ್ಲ. ಬೆಳ್ಳುಳ್ಳಿ ಕರಿದ ಆ ಘಮಕ್ಕೆ ನಾವು ಏನನ್ನಾದರೂ ಹೇಳಲು ಸಿದ್ಧರಿದ್ದೆವು.

ಒಂದು ಸಂಜೆ ಅವನ ಜೊತೆ ಕಾಲುವೆಗೆ ಹೋದೆವು. ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದರು. ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದ ಗಿರಿಜೆ ಪಾಚಿಯಲ್ಲಿ ಜಾರಿದಳು. ಕೆಂಪು ನೀರು ಅವಳನ್ನು ಎಳೆದುಕೊಂಡು ಹೊರಟೇಬಿಟ್ಟಿತು. ಮಾವನಿಗೆ ಈಜು ಬರದು. ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಯ ಹಗ್ಗ ಬಿಚ್ಚಿ, ಒಂದು ತುದಿಯನ್ನು ಅವಳತ್ತ, ತಾನು ಹಿಡಿಯಬೇಕೆನ್ನುವುದನ್ನೂ ಮರೆತು ಇನ್ನೊಂದನ್ನು ನಮ್ಮತ್ತ ಎಸೆದ. ಗಾಬರಿಯಲ್ಲೂ ಬಾಯಿಗೆ ಬಂದದ್ದು ಪಾಠವೇ: "ಹೋಲ್ಡ್ ದ ರೋಪ್!"

ನಾವು ಸಾಲಾಗಿ ನಿಂತೆವು. ಕೈ ಕಟ್ಟಿದೆವು. "ಹೋಲ್ಡ್ ದ ರೋಪ್!" ಎಂದು ರಾಗವಾಗಿ ಹೇಳಿದೆವು. ಹಗ್ಗ ನಮ್ಮ ಕಾಲ ಬಳಿಯಿಂದ ಹಾವಿನಂತೆ ನೀರಿಗೆ ಸರಿಯುತ್ತಿತ್ತು. ಅತ್ತ ಗಿರಿಜೆಯೂ ಹೇಳಲು ಬಾಯಿ ತೆರೆದಳು. "ಹೋಲ್..." ಎನ್ನುವಷ್ಟರಲ್ಲಿ ನೀರು ಕುಡಿದು ಮುಳುಗಿದಳು.

"ಅಯ್ಯೋ, ಹಿಡ್ಕಳ್ರೇ! ಹಗ್ಗ ಹಿಡ್ಕಳ್ರೇ!" ಮಾವ ಕಿರುಚಿದ.

ಕನ್ನಡ ಕೇಳಿದ್ದೇ ಎಲ್ಲರ ಕೈಗಳೂ ಬಿಚ್ಚಿದವು. ಹಗ್ಗದ ತುದಿ ಸಿಕ್ಕಿತು. ಮೇಲೆದ್ದ ಗಿರಿಜೆಯ ಕೈಗೂ ಸಿಕ್ಕಿತು. ದಂಡೆಗೆ ಎಳೆದು ಹಾಕಿದೆವು. ಅವಳು ಕೆಮ್ಮಿದಳು, ವಾಂತಿ ಮಾಡಿದಳು, ಅಳುವುದಕ್ಕೂ ಮುಂಚೆ ಏದುಸಿರಿನಲ್ಲಿ ಅಂದಳು: "...ದ ರೋಪ್. ಪೂರ್ತಿ ಹೇಳೀನಿ ಮಾವ, ನಂಗೂ ಮಂಡಕ್ಕಿ ಕೊಡ್ಬೇಕು!"

ನಾವು ನಕ್ಕೆವು. ಮಾವ ಎಮ್ಮೆಯ ಪಕ್ಕದಲ್ಲೇ ಕುಸಿದು ಕೂತು ಅಳುತ್ತಿದ್ದ.

ಮುಂದೆ ಕಾಲೇಜಿನಲ್ಲಿ, ನಿಘಂಟಿನಲ್ಲಿ ಹೋಲ್ಡ್ ಎಂಬ ಆ ಕ್ರಿಯಾಪದಕ್ಕೆ ಸಾಲುಸಾಲು ಅರ್ಥಗಳಿದ್ದದ್ದನ್ನು ಕಂಡೆ. ಒಂದನ್ನೂ ಓದಲಾಗಲಿಲ್ಲ. ಪುಟದ ತುಂಬ ಕೆಂಪು ನೀರು, ಅದರಲ್ಲೊಂದು ಜಡೆ.

ಗಿರಿಜೆ ಈಗಲೂ ಅದೇ ಊರಿನಲ್ಲಿದ್ದಾಳೆ. ಅದೇ ಕಾಲುವೆಯಲ್ಲಿ ಈಜುತ್ತಾಳೆ. "ಬಾರೇ, ದಂಡೆ ಹತ್ರ ಮೊಣಕಾಲುದ್ದ ಐತೆ," ಎಂದು ನನ್ನನ್ನು ಕರೆಯುತ್ತಾಳೆ. ನೀರು ಕಂಡಲ್ಲಿ ಯೋಚಿಸದೆ ಇಳಿಯುತ್ತಿದ್ದ ನನ್ನ ಕಾಲುಗಳು ಆ ಬೇಸಿಗೆಯಲ್ಲೇ ಉಳಿದುಹೋದವು. ನಾನು ದಂಡೆಯಲ್ಲಿ ಕೂತು ಅವಳ ಮಗಳ ಲಂಗದ ಅಂಚನ್ನು ಮುಷ್ಟಿಯಲ್ಲಿಟ್ಟುಕೊಂಡಿರುತ್ತೇನೆ.

"ಬಿಡ್ರೀ ಚಿಕ್ಕಮ್ಮ, ನಂಗೆ ಈಜು ಬರ್ತೈತೆ," ಎನ್ನುತ್ತಾಳೆ ಹುಡುಗಿ.