ನಲ್ಲಿಗೆ ಕುಂಕುಮ ಇಟ್ಟ ಕೆಂಪಣ್ಣ ಮಾವ

ಕೆಂಪಣ್ಣ ಮಾವ ಬಚ್ಚಲುಮನೆಯ ನಲ್ಲಿಗೆ ಕುಂಕುಮ ಇಡುತ್ತಿದ್ದರು. ದೇವರ ಗೂಡಿಗೆ ದೀಪ ಹಚ್ಚಿ, ಬೆರಳಲ್ಲಿ ಉಳಿದ ಕುಂಕುಮವನ್ನು ಹಾಗೇ ತಂದು ಆ ಹಳೆಯ ಹಿತ್ತಾಳೆ ನಲ್ಲಿಯ ನೆತ್ತಿಗೆ ಒತ್ತುವರು. ಕೆಲವು ದಿನ ಒಂದು ಕನಕಾಂಬರವೂ ಇರುತ್ತಿತ್ತು. ಮಂಡ್ಯದ ಗುತ್ತಲಿನಲ್ಲಿದ್ದ ಆ ಮನೆಗೆ ಬಂದ ನೆಂಟರು ಕೈ ತೊಳೆಯಲು ಹೋಗಿ, ಅದನ್ನು ಕಂಡು, ಏನೂ ಕೇಳದೆ ಹಿತ್ತಲ ತೊಟ್ಟಿಯ ಕಡೆ ನಡೆಯುತ್ತಿದ್ದರು.

ಮಾವ ನನ್ನ ತಾಯಿಯ ಅಣ್ಣ. ಪ್ರಾಯವನ್ನೆಲ್ಲ ಆಲೆಮನೆಯಲ್ಲಿ ಕಳೆದವರು. ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು, ಕುದಿಯುವ ಪಾಕವನ್ನು ಬೆರಳಿಗೆ ತಾಗಿಸಿ ಹದ ನೋಡಿ ನೋಡಿ ಅವರ ಕೈ ಎಮ್ಮೆಯ ಗೊರಸಿನಂತಾಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಮನೆಯ ರಿಪೇರಿಗೆ ಹೊರಗಿನವರನ್ನು ಕರೆಯುವುದೆಂದರೆ ಅವರಿಗೆ ಅವಮಾನ. ಮಿಕ್ಸಿ ಬಿಚ್ಚುವರು, ಫ್ಯಾನು ಇಳಿಸುವರು, ಇಸ್ತ್ರಿಪೆಟ್ಟಿಗೆಯ ವೈರನ್ನು ಹಲ್ಲಿನಲ್ಲೇ ಸುಲಿಯುವರು. "ಬಿಚ್ಚಕ್ಕೆ ಬಂದೋನ್ಗೆ ಮುಚ್ಚಕ್ಕೂ ಬತ್ತದೆ ಕಣವ್ವ" ಎನ್ನುವರು. ಮುಚ್ಚಿದ ಮೇಲೆ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದವು. "ಕಂಪ್ನಿಯೋರು ಸುಮ್ನೆ ಜಾಸ್ತಿ ಆಕಿರ್ತಾರೆ" ಎಂದು ಅವನ್ನು ಡಬ್ಬಿಗೆ ಸೇರಿಸುವರು. ಅವರ ಹೆಂಡತಿ ನಿಂಗಮ್ಮತ್ತೆ ಪಕ್ಕದಲ್ಲಿದ್ದರೆ ಚುರುಕ್ಕೆನ್ನುವಂತೆ ಮಾವನ ತೋಳು ಚಿವುಟುವರು. ಅತ್ತೆಗೆ ಮಾತು ಕಡಿಮೆ. ಸಿಟ್ಟು ಬಂದರೂ ಪ್ರೀತಿ ಉಕ್ಕಿದರೂ ಚಿವುಟುವುದೇ.

ಅತ್ತೆ ಕಾಯಿಲೆಯಾಗಿ ತೀರಿಕೊಂಡರು. ಮಾವ ಅಳಲಿಲ್ಲ, ರಿಪೇರಿ ಹೆಚ್ಚು ಮಾಡತೊಡಗಿದರು. ಮಹಡಿಯಲ್ಲಿ ಬಾಡಿಗೆಗಿದ್ದವರು ಮನೆ ಬಿಟ್ಟಾಗ ಅಲ್ಲಿನ ಹಳೆಯ ಗೀಸರನ್ನು ಕೆಳಗಿನ ಬಚ್ಚಲಿಗೆ ತಂದು ಹಾಕಿದರು. ಅದರ ವೈರು ಪ್ಲಗ್ಗಿನವರೆಗೆ ಎಟುಕಲಿಲ್ಲ. ಮನೆಯಲ್ಲಿ ಬಿದ್ದಿದ್ದ ಎರಡೆಳೆಯ ವೈರನ್ನು ಜೋಡಿಸಿದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಗೀಸರಿನ ಮೂರನೆಯ ಎಳೆ, ಹಸಿರಿನದು, ಜೋಡಿಯಿಲ್ಲದೆ ಉಳಿಯಿತು. ಅದನ್ನು ಮಡಚಿ ಟೇಪು ಸುತ್ತಿಬಿಟ್ಟರು.

"ಅದ್ಯಾಕಪ್ಪ ಬುಟ್ಬುಟ್ಟೆ?" ಎಂದಳು ಮಗಳು ಸವಿತ.

"ಅದು ಲೆಕ್ಕಕ್ಕಿಲ್ಲ ಬುಡು. ಕರೆಂಟು ಬರಕ್ಕೊಂದು, ಓಗಕ್ಕೊಂದು, ಸಾಕು."

ನಲ್ಲಿಗೆ ಕುಂಕುಮ ಕಾಣಿಸಿಕೊಂಡದ್ದು ಆಮೇಲೆ. ನನ್ನ ಮನೆ ಅಲ್ಲಿಂದ ಎರಡು ಬೀದಿ ಆಚೆ. ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಮಾವ ತಲೆಯೆತ್ತದೆ ಹೇಳಿದರು:

"ನಿಮ್ಮತ್ತೆ ಓಗಿಲ್ಲ ಕಣವ್ವ. ಇಲ್ಲೇ ಅವ್ಳೆ."

ನಾನು ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟೆ.

"ಬಚ್ಚಲು ನಲ್ಲಿ ಮುಟ್ಟಿದ್ರೆ ಚಿವುಟ್ತಾಳೆ. ಮೆತ್ತಗೆ. ಮೊದ್ಲು ಎಂಗ್ ಚಿವುಟ್ತಿದ್ಲೋ ಅಂಗೇಯ. ಬೆಳಿಗ್ಗೆ ವೊತ್ತೇ ಬತ್ತಾಳೆ. ನೀರು ಕಾಸೋ ಕೆಲ್ಸ ಅವಳ್ದೇ ಅಲ್ವಾ?" ಇನ್ನೊಂದು ಕಾಯಿ ಕೈಗೆತ್ತಿಕೊಂಡು, "ಮಳೆಗಾಲ್ದಲ್ಲಿ ವಸಿ ಜೋರಾಗಿ ಇಡ್ಕತಾಳೆ" ಎಂದರು.

ಹಾಡುಹಗಲಲ್ಲಿ ನನ್ನ ಮೈ ಜುಮ್ಮೆಂದಿತು. ಎದ್ದು ಹೋಗಿ ನೋಡಿದೆ. ನಲ್ಲಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಮನೆಯ ನಾಯಿ ಬಚ್ಚಲ ಬಾಗಿಲಲ್ಲಿ ನಿಂತಿತ್ತು. ಬಾ ಎಂದು ಕರೆದರೆ ಒದ್ದೆ ನೆಲಕ್ಕೆ ಕಾಲಿಡದೆ, ನಲ್ಲಿಯನ್ನೇ ನೋಡುತ್ತ ಹಿಂದೆ ಹಿಂದೆ ಸರಿಯಿತು. ನಾನೂ ಮುಟ್ಟಲಿಲ್ಲ. ಸವಿತ ಹೇಳಿದಳು: "ಅಪ್ಪ ಸ್ನಾನ ಮುಗ್ಸಿ, ಸ್ವಿಚ್ ಆರ್ಸಿ ಆಚೆಗೆ ಬರೋಗಂಟ ನಮ್ಮನ್ನ ಒಳೀಕೆ ಬುಡಲ್ಲ ಕಣಕ್ಕ. ಅವ್ವ ಅವ್ಳೆ ಅಂತದೆ."

ಅತ್ತೆಯ ವರ್ಷದ ಎಡೆಯ ದಿನ ಮನೆ ತುಂಬ ಜನ. ಬೆಳಗಿನಿಂದ ಒಬ್ಬರಾದ ಮೇಲೊಬ್ಬರಿಗೆ ಮಾವ ತಾವೇ ಬಿಸಿನೀರು ಹಿಡಿದುಕೊಡುತ್ತಿದ್ದುದರಿಂದ ಗೀಸರು ಉರಿಯುತ್ತಲೇ ಇತ್ತು. ಎಡೆಗೆ ಬಡಿಸುವ ಮೊದಲು ಕಾಲು ತೊಳೆಯೋಣವೆಂದು ನಾನು ಗಡಿಬಿಡಿಯಲ್ಲಿ ಎಲ್ಲ ಮರೆತು ಬರಿಗಾಲಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಹಿಡಿದೆ.

ಅದು ಚಿವುಟಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡಿತು. ಬೆರಳುಗಳು ನಲ್ಲಿಯ ಸುತ್ತ ತಾವಾಗಿ ಬಿಗಿದುಕೊಂಡವು, ಬಿಡಿಸಲು ಆಗಲಿಲ್ಲ. ತೋಳು ಭುಜದವರೆಗೆ ನಡುಗಿತು. ಕೂಗಬೇಕೆಂದರೆ ದವಡೆ ತೆರೆಯದು. ಕಣ್ಣೆದುರಿಗೆ ನೆತ್ತಿಯ ಮೇಲಿನ ಆ ಕುಂಕುಮ. ಅತ್ತೇ, ಬಿಡಿ ಎಂದು ಮನಸ್ಸು ಬೇಡುತ್ತಿತ್ತು.

ಮಾವ ಬಾಗಿಲಿಗೆ ಬಂದರು. ನನ್ನನ್ನು ಮುಟ್ಟಲಿಲ್ಲ, ಅತ್ತೆಯ ಹೆಸರು ಕರೆಯಲಿಲ್ಲ. ಅವರ ಕೈ ನೇರವಾಗಿ ಗೋಡೆಯ ಸ್ವಿಚ್ಚಿಗೆ ಹೋಯಿತು. ನಾನು ನೆಲಕ್ಕೆ ಬಿದ್ದೆ. ಆ ಕೈಗೆ ದಾರಿ ಹೇಗೆ ಗೊತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಅಂದದ್ದು ಮಾತ್ರ ಇಷ್ಟು: "ನಿಂಗಿ ನಿನ್ನ ನೋಯ್ಸೋಳಲ್ಲ ಕಣವ್ವ. ಎತ್ತಾಡ್ಸಿದ್ ಮಗು ನೀನು. ಇದು ಅವಳಲ್ಲ." ಆಮೇಲೆ ಸವಿತಳ ಕಡೆ ತಿರುಗಿ, "ಮೇನ್ ಆರ್ಸು. ಎಲೆಕ್ಟ್ರಿಸನ್ ಕರ್ಸು" ಎಂದರು. ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

ಎಡೆ ಮುಗಿಯುವ ಹೊತ್ತಿಗೆ ಎಲೆಕ್ಟ್ರಿಷಿಯನ್ ಬಂದ. ಎಲ್ಲರನ್ನೂ ಹೊರಗೆ ನಿಲ್ಲಿಸಿ, ಒಂದು ಗಳಿಗೆ ಸ್ವಿಚ್ಚು ಹಾಕಿ, ಟೆಸ್ಟರಿನ ತುದಿಯನ್ನು ನಲ್ಲಿಗೆ ತಾಗಿಸಿದ. ಅದರೊಳಗೆ ಕೆಂಪಗೆ ಕಿಡಿ ಬೆಳಗಿತು.

"ಗೀಸರೊಳ್ಗೆ ಕಾಯಿಲ್ ಕೆಟ್ಟೈತೆ ಗೌಡ್ರೇ. ಕರೆಂಟು ಕಬ್ಣದ ಪೈಪ್ ಇಡ್ಕಂಡು ನಲ್ಲಿಗಂಟ ಬತ್ತಾ ಐತೆ. ಹಸ್ರು ವೈರು ಅರ್ತಿಂಗ್‌ಗೆ ಸೇರಿದ್ರೆ ಅಂಗೇ ಭೂಮಿಗೆ ಓಗ್ಬುಡದು. ನೀವು ಅದ್ಕೆ ದಾರೀನೇ ಇಲ್ದಂಗೆ ಮಾಡಿದ್ರಿ. ನಿಮ್ ಕೈ ತೊಗ್ಲು ದಪ್ಪ ಅಂತ ಉಳ್ಕಂಡ್ರಿ."

"ದಾರಿ ಇಲ್ದಂಗೆ ಮಾಡ್ದೆ" ಎಂದರು ಮಾವ, ತಮಗೇ ಹೇಳಿಕೊಳ್ಳುವಂತೆ. "ಈಗ ಭೂಮಿಗೆ ಓಯ್ತದಾ?"

"ಓಯ್ತದೆ."

"ನೋವಾಗಲ್ವಾ?"

"ಇನ್ಯಾರ್ಗೂ ಏನೂ ಆಗಲ್ಲ ಬುಡಿ."

ಆತ ಗೀಸರನ್ನು ಬಿಚ್ಚಿ ಎಸೆದ. ಹಿತ್ತಲಲ್ಲಿ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಮಾಡಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದನ್ನು ಕೂರಿಸಿದ. ಗುಂಡಿ ಮುಚ್ಚುವಾಗ ಮಾವ ಬಂದು ತಾವೂ ಒಂದು ಹಿಡಿ ಮಣ್ಣು ಹಾಕಿದರು.

ಮೊದಲಿನ ಮಾವ ಆಮೇಲೆ ಇರಲಿಲ್ಲ. ಮದ್ದೂರು, ಮಳವಳ್ಳಿ ಎಂದು ಬಸ್ಸು ಹತ್ತಿ ನೆಂಟರ ಮನೆಗಳಿಗೆಲ್ಲ ಹೋಗಿ, "ಹಸ್ರು ವೈರು ಆಕ್ಸಿದ್ದೀರಾ?" ಎಂದು ವಿಚಾರಿಸುತ್ತಿದ್ದರು. "ಬಲ್ಬು ಬದ್ಲಾಯ್ಸದು ನಿನ್ ಕೆಲ್ಸ. ನೀರು ಮುಟ್ಟೋದು, ಬಿಸಿ ಆಗೋದು, ಅದು ಕಲ್ತೋನ್ ಕೆಲ್ಸ. ಮೈ ಜುಮ್ ಅಂದ್ರೆ ಮೇನ್ ಆರ್ಸಿ ಅವ್ನ ಕರೀರ್ಲಾ" ಎಂದು ಹುಡುಗರನ್ನು ಗದರುವರು. ಕಾಫಿ ಕುಡಿಯುವ ಮುಂಚೆ ಆ ಮನೆಯ ಬಚ್ಚಲು ನೋಡಲೇಬೇಕು. ಮುದುಕನಿಗೆ ಹೊಸ ಹುಚ್ಚು ಎಂದು ಜನ ನಕ್ಕರು.

ನಮ್ಮ ಮನೆಗೂ ಬಂದರು. ಅದಾಗಿ ಕೆಲವೇ ದಿನಕ್ಕೆ, ಬಂಡೂರಿನಲ್ಲಿದ್ದ ತಮ್ಮ ಇನ್ನೊಬ್ಬ ತಂಗಿಯ ಮನೆಗೆ ಹೋದವರು ನಿದ್ದೆಯಲ್ಲೇ ತೀರಿಕೊಂಡರು. ಹಾಗಾಗಿ ನಾನು ಅವರನ್ನು ಕಡೆಯದಾಗಿ ನೋಡಿದ್ದು ನಮ್ಮ ಮನೆಗೆ ಬಂದ ಆ ದಿನವೇ. ನಮ್ಮ ಬಚ್ಚಲಲ್ಲಿ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಅಂಗೈಯನ್ನು ನಲ್ಲಿಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡಿದ್ದರು. ಎಷ್ಟೋ ಹೊತ್ತು ಹಾಗೇ ಇದ್ದರು.

"ಕರೆಂಟ್ ಏನಾದ್ರೂ ಐತಾ ಮಾವ?" ಎಂದೆ.

"ಇಲ್ಲ ಕಣವ್ವ. ಏನೂ ಇಲ್ಲ."

ಕೈ ತೆಗೆದು, ಚಿವುಟಿದ ಗುರುತು ಹುಡುಕುವವರಂತೆ ಅದನ್ನೇ ನೋಡಿಕೊಂಡರು.

"ಇನ್ನೊಂದು ನಲ್ಲಿ ಐತಾ?" ಎಂದರು.

ನಾನು ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ.